ಖಾರಿ ಮಾಮು ಬಿಟ್ಟ ಹಾದಿ

ಖಾರಿ ಮಾಮು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಕೊಟ್ಟು ಬಂದ ಮೇಲೆ. ವಿಜಾಪುರದ ಜಲನಗರದ ನಮ್ಮ ಮನೆಗೆ ಕಾಯಿಪಲ್ಯ ತರುವ ಘೋಣಸಗಿಯ ಹೆಣ್ಣುಮಗಳು ಬುಟ್ಟಿ ಇಳಿಸುತ್ತ, "ಅಕ್ಕೋರ, ನಿಮ್ಮ ಖಾರಿ ಮಾಮು ಹೋದ ನೋಡ್ರಿ" ಅಂದಳು. ನಿಮ್ಮ ಎನ್ನುವ ಮಾತಿಗೆ ನಾನು ಅಳಬೇಕಿತ್ತು. ನನಗೆ ಬಂದದ್ದು ಸಿಟ್ಟು. ಮೆಂತ್ಯೆ ಬಾಡಿದೆ ಎಂದು ಆ ಹೆಣ್ಣುಮಗಳ ಮೇಲೆಯೇ ಹರಿಹಾಯ್ದೆ. ಪಾಪ, ಮೆಂತ್ಯೆ ಚೆನ್ನಾಗಿಯೇ ಇತ್ತು.

ಸತ್ತವನ ಮೇಲೆ ಎಂಥ ಸಿಟ್ಟು ಎಂದು ಯಾರಾದರೂ ಕೇಳಿಯಾರು. ನನ್ನ ಸಿಟ್ಟು ಬಹಳ ಹಳೆಯದು, ಎಪ್ಪತ್ತರ ದಶಕದ್ದು. ಅವನು ಬದುಕಿದ್ದಾಗ ಅದನ್ನು ಅವನ ಮುಂದೆ ಪೂರ್ತಿ ತೀರಿಸಿಕೊಳ್ಳಲು ಆಗಲಿಲ್ಲ, ಇನ್ನು ಆಗುವಂತೆಯೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವನ ನಿಜವಾದ ಹೆಸರು ಗೊತ್ತಿದೆ, ಆದರೆ ಬರೆಯುವುದಿಲ್ಲ. ಊರಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ಹೊಲಗೇರಿಯ ಹುಡುಗರಿಂದ ಗೌಡರ ಮನೆಯ ಮುದುಕಿಯವರೆಗೆ ಎಲ್ಲರಿಗೂ ಅವನು ಖಾರಿ ಮಾಮು. ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ.

ಘೋಣಸಗಿಯ ಶಾಲೆಗೆ ನನ್ನನ್ನು ಹಾಕಿದಾಗ ಬಸ್ಸು ತಿಕೋಟಾದವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿಂದ ಮುಂದೆ ಚಕ್ಕಡಿ ಹಾದಿ. ಅದು ಒಂದು ಕಡೆ ಎರೆ ಹೊಲ, ಒಂದು ಕಡೆ ಕಲ್ಲುದಿಬ್ಬದ ಮಡ್ಡಿ, ಎರಡೂ ಬದಿಗೆ ಜಾಲಿಯ ಮುಳ್ಳುಕಂಟಿ ಇದ್ದ ಹಾದಿ. ಹಾಸಿಗೆಯ ಸುತ್ತು ಮತ್ತು ಟ್ರಂಕು ಇಟ್ಟುಕೊಂಡು ನಾನು ತಿಕೋಟಾದ ಗಿಡದ ಕೆಳಗೆ ದಿಕ್ಕೆಟ್ಟು ನಿಂತಿದ್ದೆ. ಸೈಕಲ್ಲಿಗೆ ದೊಡ್ಡದೊಂದು ತಗಡಿನ ಪೆಟ್ಟಿಗೆ ಕಟ್ಟಿಕೊಂಡಿದ್ದ ಕರಿಯ ಸಣಕಲ ಮನುಷ್ಯ ಬಂದು, "ಸಾಲಿ ಅಕ್ಕೋರೇನ್ರಿ? ಬರ್ರಿ, ನಂದೂ ಅದ ಊರು" ಅಂದ. ನನ್ನ ಹಾಸಿಗೆಯನ್ನು ಪೆಟ್ಟಿಗೆಯ ಮೇಲೇರಿಸಿ, ಟ್ರಂಕನ್ನು ಹ್ಯಾಂಡಲಿಗೆ ತೂಗುಹಾಕಿ, ಸೈಕಲ್ಲು ತಳ್ಳಿಕೊಂಡು ನನ್ನ ಜೊತೆ ನಡೆದ.

ಅರ್ಧ ಹಾದಿಯಲ್ಲಿ ಹಿಂದಿನಿಂದ ಯಾರೋ "ಹಾದಿ! ಹಾದಿ!" ಎಂದು ಕೂಗಿದರು. ಮಾಮು ತಿರುಗಿಯೂ ನೋಡಲಿಲ್ಲ. ಸೈಕಲ್ಲು, ಪೆಟ್ಟಿಗೆ, ನನ್ನ ಸಾಮಾನು ಸಮೇತ ಸೀದಾ ಮುಳ್ಳುಕಂಟಿಯೊಳಗೆ ಇಳಿದ. ನನ್ನನ್ನೂ ಇಳಿಯಲು ಹೇಳಿದ. ಒಂದು ಚಕ್ಕಡಿ ದಡಬಡ ಓಡಿಹೋಯಿತು. ಒಳಗೆ ಯಾರೋ ಮಲಗಿದಂತಿತ್ತು. ಮಾಮುವಿನ ಕಾಲಿನ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು.

"ಯಾರವರು? ಏನಾಗಿತ್ತು?" ಅಂದೆ.

"ಅದನ್ನ ಕೇಳಬಾರದ್ರಿ ಅಕ್ಕೋರ. ಹಾದಿ ಕೇಳಿದವರಿಗೆ ಬಿಡೂದಷ್ಟ."

ಆ ಸೀಮೆಯ ಕಟ್ಟಳೆ ಅದು. ಹೆರಿಗೆ ನೋವು, ಹಾವು ಕಡಿದದ್ದು, ಸಾವಿನ ಸುದ್ದಿ ಹೀಗೆ ಜೀವಕ್ಕೆ ಸಂಬಂಧಪಟ್ಟ ಅವಸರ ಇದ್ದರೆ ಮಾತ್ರ ಹಿಂದಿನವನು ಹಾದಿ ಕೇಳಬೇಕು. ಕೇಳಿದರೆ ಮುಂದಿನವನು ಯಾಕೆ ಎನ್ನದೆ ಬಿಡಬೇಕು. ಯಾಕೆ ಎನ್ನುವಷ್ಟರಲ್ಲಿ ಒಂದು ಜೀವ ಹೋಗಬಹುದು. ಹಾಗಂತ ಯಾರೂ ಸುಮ್ಮಸುಮ್ಮನೆ ಕೇಳುವಂತಿಲ್ಲ. ಹಾಗೆ ಕೇಳಿದವನ ಮನೆಗೆ ಆಮೇಲೆ ನೀರು ಕುಡಿಯಲೂ ಜನ ಹೋಗುವುದಿಲ್ಲ.

ಮಾಮು ಮಾತ್ರ ಯಾವತ್ತೂ ಯಾರಿಗೂ ಹಾದಿ ಕೇಳಿದವನಲ್ಲ. ಅವನ ಸೈಕಲ್ಲಿಗೆ ಗಂಟೆಯೇ ಇರಲಿಲ್ಲ. ಮುಂದೆ ಎಮ್ಮೆಗಳ ಹಿಂಡು ಹೊರಟಿದ್ದರೆ ಹಿಂದೆ ಕಾಲೂರಿಕೊಂಡು, ಬೀಡಿ ಸೇದುತ್ತ, ಎಮ್ಮೆಯ ನಡಿಗೆಯಲ್ಲೇ ಬರುತ್ತಿದ್ದ. "ಒಂದು ಗಂಟಿ ಹಾಕಿಸ್ರಿ ಮಾಮು" ಅಂದರೆ, "ಖಾರಿಗೇನ ಅವಸರ ಐತ್ರಿ? ಅದೇನ ಯಾರದರ ಜೀವ ಉಳಸತೈತೇನ?" ಅನ್ನುತ್ತಿದ್ದ.

ಖಾರಿಯನ್ನು ತಿಂದವರಿಗೆ ಗೊತ್ತು. ಪದರು ಪದರಾದ ಆ ಮೈದಾ ಬಿಸ್ಕೀಟನ್ನು ಜೋರಾಗಿ ಮುಟ್ಟಿದರೂ ಪುಡಿಯಾಗುತ್ತದೆ. ಅಂಥದನ್ನು ಅವನು ದಿನಾ ವಿಜಾಪುರದ ಬೇಕರಿಯಿಂದ ತುಂಬಿಕೊಂಡು, ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಬಂದು, ಅಲ್ಲಿಂದ ಡಾಂಬರು ಬಿಟ್ಟು ಮಡ್ಡಿ ಹತ್ತುತ್ತಿದ್ದ. ಒಂದು ದಿನ ಈ ಕಡೆಯ ಹಳ್ಳಿ, ಒಂದು ದಿನ ಬಬಲೇಶ್ವರದ ಕಡೆಯ ಹಳ್ಳಿ. ಪೆಟ್ಟಿಗೆಯ ಕೆಳಗೆ ಹಳೆಯ ಟ್ಯೂಬಿನ ಸುರುಳಿ ಹಾಸಿರುತ್ತಿದ್ದ. ಮಡ್ಡಿಯ ಇಳಿಜಾರಿನಲ್ಲಿ ಸೀಟು ಬಿಟ್ಟು ಎದ್ದು ನಿಂತು, ಮೊಣಕಾಲು ಸಡಿಲ ಮಾಡಿ, ಸೈಕಲ್ಲನ್ನು ತನ್ನ ಕೆಳಗೆ ಅದರ ಪಾಡಿಗೆ ಕುಣಿಯಲು ಬಿಡುತ್ತಿದ್ದ. ಕಲ್ಲಿಂದ ಕಲ್ಲಿಗೆ ಚಕ್ರ ಇಡುವುದನ್ನು ನೋಡಿದರೆ ಆಡು ಇಳಿಯುವುದು ನೆನಪಾಗುತ್ತಿತ್ತು. ಒಳ್ಳೆಯ ಹಾದಿಯಲ್ಲೇ ಎಡವಿ ಬೀಳುವ ನನ್ನಂಥವಳಿಗೆ ಅದು ದಿನಾ ನೋಡಿದರೂ ಬೇಸರವಾಗದ ಆಟ.

ಒಡೆದ ಖಾರಿಯನ್ನು ಮಾರುತ್ತಿರಲಿಲ್ಲ, ಶಾಲೆಯ ಮಕ್ಕಳಿಗೆ ಪುಕ್ಕಟೆ ಹಂಚುತ್ತಿದ್ದ. ಹೀಗಾಗಿ ಅವನು ಎಲ್ಲಾದರೂ ಬೀಳಲಿ ಎಂದು ನನ್ನ ವರ್ಗದ ಮಕ್ಕಳು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದರು. "ಮಾಮು, ಇವತ್ತ ಒಡದಾವೇನ್ರಿ?" ಎಂದು ಮುತ್ತಿಕೊಂಡರೆ, "ಇಲ್ರಲೇ, ಒಂದೂ ಒಡದಿಲ್ಲ" ಎಂದು ಮುಚ್ಚಳ ತೆಗೆದು ತೋರಿಸಿ, ಅವರ ಮುಖ ಸಣ್ಣದಾಗುವವರೆಗೆ ಕಾದು, ಹೆಬ್ಬೆರಳಿನಿಂದ ಎರಡು ಮೂರನ್ನು ತಾನೇ ಚಟ್ಟಂತ ಮುರಿಯುತ್ತಿದ್ದ. "ಅಯ್ಯ, ಈಗ ಒಡದವ ನೋಡ!"

ಅವನ ಹೆಂಡತಿ ನನ್ನ ಗೆಳತಿಯಾದಳು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ತೆಳ್ಳಗೆ, ಬೆಳ್ಳಗೆ, ಮಾತಿನಲ್ಲಿ ಮೆಣಸಿನಕಾಯಿ. ಮದುವೆಯಾಗಿ ಬಂದ ಎರಡನೆಯ ವರ್ಷಕ್ಕೇ ಆಕೆಗೆ ದಮ್ಮು ಹತ್ತಲು ಶುರುವಾಗಿತ್ತು. ಬಾವಿಯಿಂದ ಒಂದು ಕೊಡ ತಂದರೆ ಗೋಡೆಗೆ ಒರಗಿ ಕೂಡಬೇಕು. ತುಟಿ ನೀಲಿಯಾಗುತ್ತಿತ್ತು. ಮಿರಜಿಗೆ ಕರೆದುಕೊಂಡು ಹೋಗಿ ತೋರಿಸಿದಾಗ ಎದೆಯ ಒಳಗಿನ ಕವಾಟ ಕಿರಿದಾಗಿದೆ, ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗದೆ ಗತಿಯಿಲ್ಲ ಅಂದಿದ್ದರು. ಮಕ್ಕಳು ಬೇಡ ಅಂತಲೂ ಹೇಳಿ ಕಳಿಸಿದ್ದರು. ಆಕೆ ನನ್ನ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡು, "ಕೇಳ್ರಿ ಅಕ್ಕಾ, ಒಳಗ ಯಾರೋ ಹಿಟ್ಟಿನ ಗಿರಣಿ ಹಚ್ಯಾರ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅಂಗೈ ಕೆಳಗೆ ಆ ಗರಗರ ನಿಜವಾಗಿಯೂ ಕೇಳಿಸುತ್ತಿತ್ತು.

ಬೇಕರಿಯ ಖಾರಿ ಮಾರುವವನಿಗೆ ದೊಡ್ಡ ಆಸ್ಪತ್ರೆ ಎಲ್ಲಿಂದ ಬರಬೇಕು? ಅಂಥದರಲ್ಲಿ ಸೈಕಲ್ ರೇಸಿನ ಮಾತು ಬಂತು. ತಂದವರು ನಮ್ಮ ಹೆಡ್ ಮಾಸ್ತರರು. ವಿಜಾಪುರ ಮೊದಲಿನಿಂದಲೂ ಸೈಕಲ್ಲಿನ ಹುಚ್ಚಿನ ಊರು. ಆ ವರ್ಷದ ಚಳಿಗಾಲದಲ್ಲಿ ದೊಡ್ಡ ರೇಸು ಇಟ್ಟಿದ್ದರು. ಅಥಣಿ ರಸ್ತೆಯಿಂದ ತಿಕೋಟಾ, ತಿಕೋಟಾದಿಂದ ಅಡ್ಡಹಾದಿ ಹಿಡಿದು ಬಬಲೇಶ್ವರ, ಅಲ್ಲಿಂದ ತಿರುಗಿ ವಿಜಾಪುರದ ನಾಕಾ. ರೈಲ್ವೆಯವರು ನೋಡಲು ಬರುತ್ತಾರೆ, ಮೊದಲು ಬಂದವನನ್ನು ಹುಬ್ಬಳ್ಳಿಗೆ ಕರೆಸಿ ಆಟಗಾರನ ಜಾಗದಲ್ಲಿ ನೌಕರಿ ಕೊಡುತ್ತಾರೆ ಎಂದು ಸುದ್ದಿ. ರೈಲ್ವೆ ನೌಕರನ ಹೆಂಡತಿಗೆ ರೈಲ್ವೆ ಆಸ್ಪತ್ರೆಯಿದೆ, ಅಲ್ಲಿ ಆಗದಿದ್ದರೆ ಮುಂದಿನ ಆಸ್ಪತ್ರೆಗೆ ಅವರೇ ಚೀಟಿ ಕೊಟ್ಟು ಕಳಿಸುತ್ತಾರೆ. ನೌಕರಿಗೆ ವಯಸ್ಸಿನ ಮಿತಿ ಇತ್ತು. ಮಾಮುವಿಗೆ ಅದೇ ಕೊನೆಯ ವರ್ಷ.

ಅವನು ಎರಡನೆಯ ಮಾತು ಆಡಲಿಲ್ಲ. ಹೆಸರು ಹಚ್ಚಿಸಿದ.

ರೇಸಿಗೆ ಬರುವ ಹುಡುಗರೆಲ್ಲ ಡಾಂಬರು ರಸ್ತೆಯವರು. ಬಾಗಿದ ಹ್ಯಾಂಡಲಿನ ಸೈಕಲ್ಲು, ತೆಳ್ಳನೆಯ ಟಾಯರು, ಕಾಲಿಗೆ ಎಣ್ಣೆ ತಿಕ್ಕಲು ಒಬ್ಬ ಉಸ್ತಾದ. ಮಾಮುವಿನದು ಅದೇ ಖಾರಿ ಸೈಕಲ್ಲು. ಸ್ಟ್ಯಾಂಡು, ಮಡ್ಗಾರ್ಡು, ಕ್ಯಾರಿಯರು ಬಿಚ್ಚಿಹಾಕಿ ಒಂದು ಸಂಜೆ ಹತ್ತಿ ಕೂತವನು ಶಾಲೆಯ ಮೂಲೆಯಲ್ಲಿ ತಿರುಗುವಾಗ ದಬಕ್ಕನೆ ಬಿದ್ದ. ಅವನು ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಭಾರ ಇಲ್ಲದ ಸೈಕಲ್ ಮಾತ ಕೇಳೂದಿಲ್ರಿ ಅಕ್ಕೋರ" ಎಂದು ಮೈ ಝಾಡಿಸಿಕೊಂಡ. "ಉಡಾಳ ಹುಡುಗರಂಗ ಜಿಗದಾಡತೈತಿ."

ಹಗುರ ಸೈಕಲ್ಲು ತುಳಿಯುವುದನ್ನು ಅವನು ಹೊಸದಾಗಿ ಕಲಿಯಬೇಕಾಯಿತು. ಖಾರಿ ಮಾರಿ ಬಂದ ಮೇಲೆ ಪೆಟ್ಟಿಗೆ ಇಳಿಸಿ, ಊರಿಂದ ತಿಕೋಟಾಕ್ಕೆ, ತಿಕೋಟಾದಿಂದ ಊರಿಗೆ. ಹೆಂಡತಿ ಬಾಗಿಲಲ್ಲಿ ಕೂತು ಚೇಷ್ಟೆ ಮಾಡುತ್ತಿದ್ದಳು. "ನೋಡ್ರಿ ಅಕ್ಕಾ, ಇವರು ಸೈಕಲ್ ತುಳದ್ರ ನನ್ನ ಎದಿ ನೆಟ್ಟಗ ಆಗತೈತಂತ. ಹಂಗಾರ ನಾನೂ ಒಂದೀಟು ತುಳೀಲೇನ?" ಹಾಗೆ ಅಂದವಳೇ ಬೇಕರಿಯಿಂದ ತಂದ ಮೈದಾ ಚೀಲ ಬಿಚ್ಚಿ, ಒಗೆದು, ಅವನಿಗೊಂದು ಅಂಗಿ ಹೊಲಿದಳು. ಎಷ್ಟು ಒಗೆದರೂ ಚೀಲದ ಮೇಲಿನ ಮಿಲ್ಲಿನ ಮುದ್ರೆ ಹೋಗಲಿಲ್ಲ. ಅದು ಬೆನ್ನಿನ ನಡುವೆ ಬರುವಂತೆ ಕತ್ತರಿಸಿದಳು. "ಹಿಂದಿದ್ದವರು ಓದಕೋತ ಬರ್ಲಿ" ಅಂದಳು. ಸೂಜಿ ಹಿಡಿದ ಕೈ ನಡುನಡುವೆ ನಿಲ್ಲುತ್ತಿತ್ತು. ಉಸಿರು ಹಿಡಿದುಕೊಂಡು ಮತ್ತೆ ಹೊಲಿಯುತ್ತಿದ್ದಳು. ಬದುಕುವ ಆಸೆ ಆಕೆಗೆ ಇತ್ತು. ಚೇಷ್ಟೆಯ ಹಿಂದೆ ಅದನ್ನು ಮುಚ್ಚಿಡಲು ನೋಡುತ್ತಿದ್ದಳು, ಅಷ್ಟೇ.

ರೇಸಿನ ದಿನ ನಾನೂ ಆಕೆಯೂ ವಿಜಾಪುರಕ್ಕೆ ಹೋದೆವು. ಬಬಲೇಶ್ವರದ ರಸ್ತೆ ಊರೊಳಗೆ ಬರುವ ನಾಕಾದ ಹತ್ತಿರ, ಮುಕ್ತಾಯದ ಹಗ್ಗಕ್ಕಿಂತ ಸ್ವಲ್ಪ ಹಿಂದೆ, ಒಂದು ಬೇವಿನ ಗಿಡ ಇತ್ತು. ಅದರ ಕೆಳಗೆ ನಿಂತೆವು. ಆಕೆ ಮಣ್ಣಿನ ತತ್ರಾಣಿಯಲ್ಲಿ ಊರ ಬಾವಿಯ ನೀರು ತಂದಿದ್ದಳು. ಪ್ಯಾಟಿ ನೀರು ಅವನಿಗೆ ಸೇರುತ್ತಿರಲಿಲ್ಲ. ಮೂಡಗಾಳಿ ಹಲ್ಲು ಕಡಿಯುವಂತೆ ಬೀಸುತ್ತಿತ್ತು. ರಸ್ತೆಯ ಎರಡೂ ಬದಿಗೆ ಜನ ಒತ್ತಿ ನಿಂತು, ನಡುವೆ ಒಂದು ಚಕ್ಕಡಿ ಹೋಗುವಷ್ಟು ಜಾಗ ಉಳಿದಿತ್ತು.

ಹಾದಿಯಲ್ಲಿ ಆದದ್ದನ್ನು ಆಮೇಲೆ ಹೇಳಿದವರು ಹೆಡ್ ಮಾಸ್ತರರು. ಅವರು ಹಿಂದಿನ ಜೀಪಿನಲ್ಲಿದ್ದರು. ತಿಕೋಟಾದವರೆಗೆ ಮಾಮು ಎಲ್ಲರ ಹಿಂದೆ, ಡಾಂಬರಿನಲ್ಲಿ ತಿಣುಕುತ್ತ ಹೋದನಂತೆ. ಅಡ್ಡಹಾದಿಗೆ ಬಿದ್ದದ್ದೇ ತಡ, ಅದು ಅವನ ಅಂಗಳ. ಜಲ್ಲಿಯ ಖಡಿ ಎದ್ದ ರಸ್ತೆ, ಹಳ್ಳದ ಮರಳು, ಮಡ್ಡಿಯ ಕಲ್ಲು. ತೆಳ್ಳನೆಯ ಟಾಯರಿನ ಹುಡುಗರು ಇಳಿದು ಸೈಕಲ್ಲು ಹೊತ್ತುಕೊಂಡು ನಡೆಯುವಲ್ಲಿ ಇವನು ಎದ್ದು ನಿಂತು ಹಾರಿಸಿಕೊಂಡು ಹೋದ. ಬಬಲೇಶ್ವರ ಮುಟ್ಟಿದಾಗ ಹಿಂದೆ ಯಾರೂ ಕಾಣುತ್ತಿರಲಿಲ್ಲ.

ಅಲ್ಲಿಂದ ಮತ್ತೆ ಡಾಂಬರು, ಎದುರಿಗೆ ಮೂಡಗಾಳಿ. ಇಬ್ಬರು ಹುಡುಗರು ಬೆನ್ನಟ್ಟಿ ಬಂದು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡರು. ಗಾಳಿಯನ್ನೆಲ್ಲ ಇವನ ಎದೆಗೆ ಬಿಟ್ಟು ಅವರು ನೆರಳಿನಲ್ಲಿ ಬರುತ್ತಿದ್ದರು. ಹೆಡ್ ಮಾಸ್ತರರು ಜೀಪಿನಿಂದ, "ಮಾಮು, ನಿನ್ನ ಬೆನ್ನ ಮರಿ ಹಿಡದ ಬರಾಕತ್ತಾರೋ!" ಎಂದು ಕೂಗಿದರೆ ಇವನು, "ಬರ್ಲಿ ಬಿಡ್ರಿ ಸರ, ಗಾಳಿ ಭಾಳ ಐತಿ, ಪಾಪ" ಅಂದನಂತೆ. ಪಾಪ ಅಂದನಂತೆ! ಅಷ್ಟಾದರೂ ಒಬ್ಬ ಹುಡುಗ ಸೋತು ದೂರ ಬಿದ್ದ. ಬಿಳಿ ಟೊಪ್ಪಿಗೆ ಹಾಕಿದ್ದ ಇನ್ನೊಬ್ಬ ಮಾತ್ರ ಚಕ್ರ ಬಿಡದೆ ಹಿಂದೆಯೇ ಬಂದ. ಅವನಿಗೂ ದಾಟಿ ಮುಂದೆ ಹೋಗುವ ಕಸುವು ಇರಲಿಲ್ಲ, ತಲೆ ಆಗಲೇ ತೂಗಾಡುತ್ತಿತ್ತು ಎಂದು ಹೆಡ್ ಮಾಸ್ತರರು ಆಣೆ ಮಾಡಿ ಹೇಳುತ್ತಿದ್ದರು.

ನಾವು ಕಂಡದ್ದು ಇಲ್ಲಿಂದ. ಜನ ಹೋ ಎಂದು ಎದ್ದರು. ತಿರುವಿನಲ್ಲಿ ಮೊದಲು ಮೈದಾ ಚೀಲದ ಅಂಗಿ ಕಾಣಿಸಿತು. ಆಕೆ ನನ್ನ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಳು. "ಅಕ್ಕಾ, ಇವರ... ಇವರ ಮುಂದ ಅದಾರ!" ಮಾಮುವಿನ ಬಾಯಿ ಒಣಗಿ ತುಟಿ ಬಿಳಿಚಿತ್ತು. ಆದರೆ ಕಾಲು ಮಡ್ಡಿ ಹತ್ತುವಾಗಿನ ಹಾಗೆ ಒಂದೇ ಸಮ ತುಳಿಯುತ್ತಿತ್ತು. ಮುಂದೆ ಹಗ್ಗ ಕಾಣುತ್ತಿತ್ತು.

ಆಗ ಹಿಂದಿನಿಂದ ಆ ಬಿಳಿ ಟೊಪ್ಪಿಗೆಯವನು ಗಂಟಲು ಹರಿಯುವಂತೆ ಕೂಗಿದ:

"ಹಾದಿ! ಮಾಮು, ಹಾದಿ ಬಿಡ್ರಿ!"

ಮಾಮುವಿನ ಹ್ಯಾಂಡಲು ಹೊರಳಿತು. ಡಾಂಬರು ಇಳಿದು, ಜನರ ಕಾಲಬುಡದ ಖಡಿಯೊಳಗೆ ಹೋಗಿ, ಒಂದು ಕಾಲೂರಿ ನಿಂತುಬಿಟ್ಟ. ಪಕ್ಕದಲ್ಲಿ ಹಾದುಹೋದ ಹುಡುಗನನ್ನು ಅವನು ನೋಡಲೇ ಇಲ್ಲ. ಕತ್ತು ತಿರುಗಿಸಿ ಹಿಂದೆ ನೋಡಿದ. ಚಕ್ಕಡಿ ಎಲ್ಲಿ, ಯಾರಿಗೆ ಏನಾಗಿದೆ ಎಂದು ಹುಡುಕುತ್ತಿದ್ದ. ರಸ್ತೆ ಖಾಲಿ ಇತ್ತು. ಆಮೇಲೆ ಮುಂದೆ ತಿರುಗಿದ. ಹಗ್ಗ ಹರಿದಿತ್ತು, ಬಿಳಿ ಟೊಪ್ಪಿಗೆಯನ್ನು ಜನ ಹೆಗಲ ಮೇಲೆ ಎತ್ತುತ್ತಿದ್ದರು. ನಮ್ಮ ಎದುರಿಗೇ ನಿಂತಿದ್ದ ಅವನ ಮುಖ ಆ ಹೊತ್ತಿಗೆ ಹೇಗಾಯಿತು ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ಸೈಕಲ್ಲು ಹತ್ತಿ ಎರಡನೆಯವನಾಗಿ ಹೋಗಿ ಸೇರಿಕೊಂಡ. ಎರಡನೆಯವನನ್ನು ರೈಲ್ವೆಯವರು ಕರೆಯಲಿಲ್ಲ.

ಆ ಹುಡುಗನ ತಾಯಿಯ ತವರು ನಮ್ಮ ಸೀಮೆಯದೇ ಎಂದು ಆಮೇಲೆ ಗೊತ್ತಾಯಿತು. ರಜೆಗೆ ಬಂದಾಗ ಮಾಮುವಿನ ಪೆಟ್ಟಿಗೆಯ ಖಾರಿ ತಿಂದು ಬೆಳೆದವನು. ಕಟ್ಟಳೆ ಗೊತ್ತಿದ್ದೇ ಕೂಗಿದ. ಅವನಿಗೆ ನೌಕರಿ ಸಿಕ್ಕಿತು. ನನಗೆ ಮಾತ್ರ ಅವನು ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದರೆ ಸಾಲಿ ಅಕ್ಕೋರು ಎನ್ನುವ ಮರ್ಯಾದೆಯನ್ನೆಲ್ಲ ಗಂಟು ಕಟ್ಟಿ ಬದಿಗಿಟ್ಟು ಬಾರಿಸುತ್ತಿದ್ದೆ.

ಬೇವಿನ ಗಿಡದ ಕೆಳಗೆ ಆಕೆ ಅವನಿಗೆಂದು ತಂದಿದ್ದ ತತ್ರಾಣಿಯನ್ನು ಎತ್ತಿ, ಆ ನೀರನ್ನು ತಾನೇ ಗಟಗಟ ಕುಡಿದಳು. ಕುಡಿದು ಉಳಿದದ್ದನ್ನು ಗಿಡದ ಬುಡಕ್ಕೆ ಸುರುವಿದಳು. "ನಡೀರಿ ಅಕ್ಕಾ, ಬಸ್ಸಿನ ಹೊತ್ತಾತು" ಅಂದಳು.

ಆಮೇಲೆ ಎಷ್ಟೋ ದಿನ ಗಂಡನ ಜೊತೆ ಮಾತು ಬಿಟ್ಟಳು. ರೊಟ್ಟಿ ಬಡಿದು ಹಾಕುತ್ತಿದ್ದಳು, ತಿರುಗಿ ಕೂಡುತ್ತಿದ್ದಳು. ಗೋಡೆಯ ಈಚೆ ನನಗೆ ತಟ್ಟೆಯ ಸಪ್ಪಳ ಮಾತ್ರ ಕೇಳುತ್ತಿತ್ತು. ಒಂದು ಸಂಜೆ ಮಾಮು ನನ್ನ ಕಟ್ಟೆಯ ಮುಂದೆ ಬಂದು ನಿಂತ.

"ಅಕ್ಕೋರ, ಆಕೀಗಿ ನೀವರ ಹೇಳ್ರಿ. ನಾ ಬೇಕಂತ ಬಿಟ್ಟಿಲ್ರಿ. ಅವಾ ಹಾದಿ ಅಂದ. ಕೈ ತಾನ ಹೊಳ್ಳಿತು. ನಾ ಏನ ವಿಚಾರ ಮಾಡೂದ್ರಾಗ ಕೈ ಹೊಳ್ಳಿಬಿಟ್ಟಿತ್ತು."

"ಅಂವ ಯಾವ ಜೀವಾ ಉಳಸಾಕ ಹೊಂಟಿದ್ದ ಮಾಮು? ನಿಮ್ಮ ಮನ್ಯಾಗಿನ ಜೀವಾ ನಿಮಗ ನೆನಪಾಗಲಿಲ್ಲೇನು?" ಅಂದೆ. ನನ್ನ ದನಿ ಗೋಡೆಯ ಆಚೆಗೂ ಹೋಗಿರಬೇಕು.

ಅವನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದುಕೊಂಡು ನೋಡಿದ. ಯಾರೋ ಬೇರೆಯವರ ಕೈ ನೋಡಿದ ಹಾಗೆ.

ಮಾರನೆಯ ದಿನದಿಂದ ಅವನು ಹಾದಿ ಬಿಡುವುದನ್ನೇ ಬಿಡುತ್ತೇನೆ ಎಂದು ಹಟ ತೊಟ್ಟ. ಹೆಂಡತಿಗೆ ಹಾಗಂತ ಮಾತು ಕೊಟ್ಟನಂತೆ. ಯಾರಾದರೂ ಕೂಗಲಿ, ನಾನು ನಡುಹಾದಿ ಬಿಟ್ಟು ಇಳಿಯುವುದಿಲ್ಲ. ಈ ಕೈಗೆ ಅಷ್ಟಾದರೂ ಕಲಿಸುತ್ತೇನೆ ಅಂದನಂತೆ. ಹಾಗೆ ಹೊರಟವನ ಹಿಂದೆ ಒಂದು ದಿನ ನಮ್ಮೂರಿನ ಒಬ್ಬ ರೈತ ಚಕ್ಕಡಿ ಹೊಡೆದುಕೊಂಡು ಬಂದ. ಅವನ ಮಗಳನ್ನು ಚೇಳು ಕುಟುಕಿತ್ತು. "ಹಾದಿ" ಅಂದ. ಮಾಮು ಹಲ್ಲು ಕಚ್ಚಿ ನಡುವೆಯೇ ತುಳಿದ. ಇನ್ನೊಮ್ಮೆ "ಹಾದಿ" ಅಂದ. ಇಳಿಯಲಿಲ್ಲ. ಆಗ ಆ ರೈತ ಬಯ್ಯುವುದು ಬಿಟ್ಟು ಗಾಬರಿಯಿಂದ ಕೇಳಿದನಂತೆ: "ಮಾಮು, ಮನ್ಯಾಗ ಆರಾಮಿಲ್ಲೇನೋ? ನೀನೂ ದವಾಖಾನಿಗೇ ಹೊಂಟೀಯೇನು? ಹಂಗಾರ ನೀನ ಮುಂದ ನಡಿ, ನಾ ಹಿಂದ ಬರ್ತೇನಿ." ಮಾಮು ಹಾದಿ ಬಿಡುತ್ತಿಲ್ಲ ಎಂದರೆ ಅವನದೇ ಯಾವುದೋ ದೊಡ್ಡ ಅವಸರ ಇರಬೇಕು ಎಂದಷ್ಟೇ ಅವನ ತಲೆಗೆ ಹೊಳೆದದ್ದು.

ಮಾಮು ಅಲ್ಲೇ ಮುಳ್ಳಿಗೆ ಇಳಿದ. ಆ ದಿನ ಖಾರಿ ಮಾರದೆ ಮನೆಗೆ ಬಂದು, ಹೊಸ್ತಿಲಲ್ಲಿ ಕೂತು, ಹೆಣ್ಣುಮಕ್ಕಳ ಹಾಗೆ ಅತ್ತುಬಿಟ್ಟ. ಆಕೆ ಒಳಗಿನಿಂದ ಬಂದು, ಮೊದಲ ಸಲ ಬಾಯಿ ಬಿಟ್ಟು, "ಏಳ್ರಿ, ಚಹಾ ಮಾಡೇನಿ" ಅಂದಳು. ಆ ಮನೆಯಲ್ಲಿ ರೇಸಿನ ಮಾತು ಅಲ್ಲಿಗೆ ಮುಗಿಯಿತು. ಚೇಳು ಕುಟುಕಿದ ಹುಡುಗಿ ಬದುಕಿಕೊಂಡಳು ಎಂದು ಇಲ್ಲಿ ಹೇಳಿಬಿಡುತ್ತೇನೆ. ಆಮೇಲೆ ನನ್ನ ವರ್ಗದಲ್ಲೇ ಓದಿದಳು.

ಮುಂದಿನ ಸುಗ್ಗಿಗೆ ಮಾಮುವಿನ ಹೆಂಡತಿ ಹಾಸಿಗೆ ಹಿಡಿದಳು. ಕಾಲು ಬಾತುಕೊಂಡವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ಇರುತ್ತಿದ್ದಳು. ಅಷ್ಟರಲ್ಲೂ ನನ್ನ ಸೀರೆಯ ನಿರಿಗೆ ಸರಿಯಿಲ್ಲ ಎಂದು ಆಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ವಿಜಾಪುರದಿಂದ ಬಂದು, ತಿಕೋಟಾದಲ್ಲಿ ಬಸ್ಸು ಇಳಿದು ಊರ ಕಡೆಗೆ ನಡೆಯುತ್ತಿದ್ದೆ. ಎದುರಿಗೆ ಸಾಲಾಗಿ ಚಕ್ಕಡಿಗಳು ಬರುತ್ತಿದ್ದವು. ಎಲ್ಲದರ ಮೇಲೂ ಜೋಳದ ಕಣಕಿ. ಮರುದಿನದ ಸಂತೆಗೆ ತಿಕೋಟಾಕ್ಕೆ ಹೊರಟ ಮೇವು. ಕಣಕಿ ತುಂಬಿದ ಚಕ್ಕಡಿ ಗೊತ್ತಲ್ಲ, ಹಾದಿಯ ಈ ಕಂಟಿಯಿಂದ ಆ ಕಂಟಿಯವರೆಗೆ ಉಬ್ಬಿಕೊಂಡು ಬರುತ್ತದೆ. ನಾಯಿ ನುಸುಳಲೂ ಜಾಗ ಇರುವುದಿಲ್ಲ. ನಾನು ದಿಬ್ಬ ಹತ್ತಿ ನಿಂತೆ.

ಆಗ ಸಾಲಿನ ಹಿಂದಿನಿಂದ ಒಂದು ದನಿ ಕೇಳಿತು. "ಹಾದಿ... ಹಾದಿ ಬಿಡ್ರೆಪ್ಪೋ..." ಯಾರ ದನಿ ಎಂದು ಮೊದಲು ತಿಳಿಯಲಿಲ್ಲ. ಆ ಬಾಯಿಯಿಂದ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಕಟ್ಟಕಡೆಯ ಚಕ್ಕಡಿಯವನು ಎತ್ತಿನ ಹಗ್ಗ ಜಗ್ಗಿ ಹೊಲಕ್ಕೆ ಇಳಿಸಿದ. ಮುಂದಿನವನಿಗೆ ಕೂಗಿ ಹೇಳಿದ. ಅವನು ಅವನ ಮುಂದಿನವನಿಗೆ. "ಹಾದಿ ಬಿಡ್ರೋ, ಹಾದಿ!" ಕೂಗು ಚಕ್ಕಡಿಯಿಂದ ಚಕ್ಕಡಿಗೆ ಓಡಿಬಂತು. ತುಂಬಿದ ಗಾಡಿಗಳು ಒಂದೊಂದಾಗಿ ಮುಳ್ಳು ಮುರಿದುಕೊಂಡು ಬದಿಗಿಳಿದವು. ಒಂದರ ಗಾಲಿ ಬದುವಿನಿಂದ ಜಾರಿ, ಇಡೀ ಗಾಡಿ ಹೊರಳಿ, ಕಣಕಿಯೆಲ್ಲ ಹೊಲದ ತುಂಬ ಚೆಲ್ಲಿತು. ಗಾಡಿಯವನು ಎತ್ತುಗಳ ಕೊರಳಪಟ್ಟಿ ಬಿಚ್ಚುತ್ತಲೇ, "ನಡಿ, ನಡಿ, ನೀ ನಡಿ!" ಎಂದು ಹಾದಿ ಕೇಳಿದವನಿಗೆ ಕೈ ಬೀಸುತ್ತಿದ್ದ.

ನಡುವೆ ಮಾಮು ಬಂದ. ಪೆಟ್ಟಿಗೆ ಇರುವ ಜಾಗದಲ್ಲಿ ಹೆಂಡತಿಯನ್ನು ಕೂಡಿಸಿ, ಧೋತರದಿಂದ ತನ್ನ ಬೆನ್ನಿಗೆ ಕಟ್ಟಿಕೊಂಡಿದ್ದ. ಅದೇ ಮೈದಾ ಚೀಲದ ಅಂಗಿ. ಮಿಲ್ಲಿನ ಮುದ್ರೆಯ ಮೇಲೆ ಆಕೆಯ ಕೆನ್ನೆ. ಅವನು ಸೀಟಿನಿಂದ ಎದ್ದಿರಲಿಲ್ಲ, ಆದರೂ ಸೈಕಲ್ಲು ಒಂದಿಷ್ಟೂ ಅಲುಗದ ಹಾಗೆ ಕಲ್ಲುಗಳ ನಡುವೆ ಹರಿದುಹೋಗುತ್ತಿತ್ತು. ಆಕೆಯ ಕಣ್ಣು ತೆರೆದಿದ್ದವು. ನನ್ನನ್ನು ಕಂಡಳು. ಏನೋ ಅನ್ನಲು ಬಾಯಿ ತೆರೆದಳು, ಉಸಿರು ಸಾಲಲಿಲ್ಲ.

ನಾನು ತಿರುಗಿ ತಿಕೋಟಾಕ್ಕೆ ಓಡಿದೆ. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಹಾದಿಯ ಕೊನೆಯ ದಿಬ್ಬ ಇಳಿಯುವಾಗಲೇ ಬೆನ್ನ ಮೇಲಿನ ಭಾರ ಬದಲಾಯಿತು ಎಂದು ಮಾಮು ಹೇಳಿದ. ಭಾರ ಅವನಿಗೆ ಗೊತ್ತಾಗದೆ ಯಾರಿಗೆ ಗೊತ್ತಾಗಬೇಕು.

ಮಣ್ಣು ಮಾಡಿದ ಮಾರನೆಯ ದಿನ ಅವನು ಮನೆಯಲ್ಲಿ ಇರಲಿಲ್ಲ. ಬಂಧುಗಳು ಹೆದರಿ ಬಾವಿಯಲ್ಲೆಲ್ಲ ಹಣಿಕಿ ನೋಡುತ್ತಿದ್ದರು. ನಾನು ಚಕ್ಕಡಿ ಹಾದಿ ಹಿಡಿದು ಹೋದೆ. ಹೊರಳಿದ್ದ ಗಾಡಿಯನ್ನು ಎತ್ತಿ ನಿಲ್ಲಿಸಿದ್ದರು, ಅವನು ಅಲ್ಲೇ ಇದ್ದ. ಗಾಡಿಯವನು ಮೇಲೆ ನಿಂತಿದ್ದ, ಮಾಮು ಕೆಳಗಿನಿಂದ ಕಣಕಿಯ ಸಿವುಡುಗಳನ್ನು ಎತ್ತಿ ಕೊಡುತ್ತಿದ್ದ.

"ಅಕ್ಕೋರ, ನೀವರ ಹೇಳ್ರಿ ಇವಗ" ಎಂದು ಗಾಡಿಯವನು ಅಳುವ ದನಿಯಲ್ಲಿ ಅಂದ. "ಬ್ಯಾಡ ಅಂದ್ರ ಕೇಳವಲ್ಲ. ಮಣ್ಣ ಮಾಡಿ ಬಂದ ಕೈ ಇನ್ನಾ ಆರಿಲ್ಲ."

"ಮಾಮು, ಮನೀಗಿ ನಡೀರಿ. ಮಂದಿ ಹುಡುಕಾಕತ್ತಾರ."

"ಇವರು ನನ್ನ ಸಲುವಾಗಿ ಕೆಡವಿಕೊಂಡಾರ್ರಿ ಅಕ್ಕೋರ" ಅಂದ. ಇನ್ನೊಂದು ಸಿವುಡು ಎತ್ತಿ ಎದೆಗೆ ಒತ್ತಿಕೊಂಡ, ಮೇಲೆ ಕೊಡಲಿಲ್ಲ. "ಇಷ್ಟ ಮಂದಿಯೊಳಗ ಒಬ್ಬರೂ ಯಾಕ ಅಂತ ಕೇಳ್ಲಿಲ್ಲ."

ನನ್ನ ಬಾಯಿಗೆ ಬಂದದ್ದನ್ನು ಅವನೇ ಅಂದ.

"ನಾಕಾದಾಗ ಅವತ್ತ ನಾ ಕೇಳಬೇಕಿತ್ರಿ, ಯಾಕ ಅಂತ. ಒಂದ ಸಲ. ಜಲ್ಮದಾಗ ಅದೊಂದ ಸಲ ಕೇಳಿದ್ದರ, ನಾ ಇವರಿಗೆ ಹಾದಿ ಕೇಳೂ ಪಾಳಿ ಬರ್ತಿದ್ದಿಲ್ಲ."

ಅಷ್ಟರಲ್ಲಿ ಊರ ಕಡೆಯಿಂದ ಒಂದು ಚಕ್ಕಡಿ ಬರುವ ಸಪ್ಪಳವಾಯಿತು. "ಹಾದಿ! ಹಾದಿ!" ಎಂದು ಯಾರೋ ಕೂಗಿದರು. ಮಾತು ಅರ್ಧಕ್ಕೇ ಬಿಟ್ಟು, ಕಣಕಿಯ ಸಿವುಡು ಎದೆಗವಚಿಕೊಂಡೇ, ಮಾಮು ಮುಳ್ಳುಕಂಟಿಯೊಳಗೆ ಇಳಿದು ನಿಂತ. ಚಕ್ಕಡಿ ನಮ್ಮನ್ನು ದಾಟಿ ಹೋಯಿತು. ಯಾಕೆ ಎಂದು ಅವನು ಕೇಳಲಿಲ್ಲ.